ಟ್ಯಾಲಿ ಆಗದ ಗುರುವಾರ

ಬ್ಯಾಂಕಿನಲ್ಲಿ ಮೂವತ್ತೇಳು ವರ್ಷ ಗುಮಾಸ್ತನಾಗಿ ದುಡಿದವನಿಗೆ ಒಂದು ಜಂಬ ಇದ್ದೇ ಇರುತ್ತದೆ. ಎಂಥ ಲೆಕ್ಕ ಕೊಟ್ಟರೂ ಸಂಜೆಯೊಳಗೆ ಸರಿದೂಗಿಸಬಲ್ಲೆ ಎಂಬ ಜಂಬ. ನನ್ನಲ್ಲೂ ಅದು ಬೇಕಾದಷ್ಟಿತ್ತು. ಹೋದ ತಿಂಗಳ ಒಂದು ಗುರುವಾರ ಅದು ಇಳಿದುಹೋಯಿತು. ಇಳಿಸಿದವರು ಒಂಬತ್ತು ವರ್ಷದ ಮೊಮ್ಮಗಳು ಪುಟ್ಟಿ, ಆರು ವರ್ಷದ ಮೊಮ್ಮಗ ಚಿನ್ನು ಮತ್ತು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಒಂದು ಹಾಳೆ.

ಸೊಸೆಯ ತಾಯಿಗೆ ಮೈಸೂರಿನಲ್ಲಿ ಕಣ್ಣಿನ ಪೊರೆಯ ಆಪರೇಷನ್ ಇತ್ತು. ಮಗ ಆಫೀಸಿನ ಕೆಲಸದ ಮೇಲೆ ಪುಣೆಗೆ ಹೋಗಿದ್ದ. ಹೋಗಲೋ ಬೇಡವೋ ಎಂದು ಸೊಸೆ ಎರಡು ದಿನ ಒದ್ದಾಡಿದಳು. ನಾನೇ ಹೇಳಿದೆ, "ಒಂದು ದಿನದ ಮಾತು ತಾನೇ? ಧೈರ್ಯವಾಗಿ ಹೋಗಿ ಬಾಮ್ಮ. ಇಡೀ ಬ್ರಾಂಚಿನ ಲೆಕ್ಕ ನೋಡಿದವನಿಗೆ ಎರಡು ಮಕ್ಕಳ ಲೆಕ್ಕ ಏನು ಮಹಾ!"

ಅವಳು ನಕ್ಕು, "ಆಯ್ತು ಮಾವ" ಎಂದಳು. ಬುಧವಾರ ರಾತ್ರಿ ಕೂತು ಹಾಳೆ ತುಂಬ ಬರೆದು ಅಂಟಿಸಿದಳು. ಗುರುವಾರ ಬೆಳಕು ಹರಿಯುವ ಮೊದಲೇ ರೈಲಿಗೆ ಹೊರಟುಹೋದಳು.

ಆ ಹಾಳೆಯನ್ನು ಓದಿಯೇ ನನಗೆ ಅರ್ಧ ಸುಸ್ತಾಯಿತು. 6.15ಕ್ಕೆ ಪುಟ್ಟಿಯನ್ನು ಎಬ್ಬಿಸಬೇಕು, 6.30ಕ್ಕೆ ಚಿನ್ನುವನ್ನು. ಒಟ್ಟಿಗೆ ಎಬ್ಬಿಸಿದರೆ ಬಚ್ಚಲುಮನೆಗೆ ಜಗಳ. ಒಬ್ಬೊಬ್ಬರಿಗೆ ಎರಡೆರಡು ಡಬ್ಬಿ: ಚಿಕ್ಕ ಬಿಡುವಿಗೆ ಹಣ್ಣು, ಊಟಕ್ಕೆ ಚಿತ್ರಾನ್ನ. ಚಿನ್ನುವಿನ ಚಿತ್ರಾನ್ನದಲ್ಲಿ ಕಡಲೆಬೀಜ ಇರಬೇಕು, ಪುಟ್ಟಿಯದರಲ್ಲಿ ಇರಬಾರದು. ಗುರುವಾರ ಪುಟ್ಟಿಗೆ ಆಟದ ಪೀರಿಯಡ್, ಬಿಳಿ ಬಟ್ಟೆ, ಬಿಳಿ ಕ್ಯಾನ್‌ವಾಸ್ ಶೂ. ಚಿನ್ನುವಿಗೆ ಕನ್ನಡ ಉಕ್ತಲೇಖನ. 7.35ಕ್ಕೆ ಸ್ಕೂಲ್ ವ್ಯಾನು. 3.30ಕ್ಕೆ ವಾಪಸ್ಸು. 4.15ಕ್ಕೆ ಪುಟ್ಟಿಗೆ ಗಾಂಧಿ ಬಜಾರಿನ ಹತ್ತಿರ ಸಂಗೀತ, 4.45ಕ್ಕೆ ಚಿನ್ನುವಿಗೆ ಜಯನಗರದಲ್ಲಿ ಕರಾಟೆ. ಆಮೇಲೆ ಹೋಂವರ್ಕ್, ಊಟ, ಮರುದಿನದ ಬ್ಯಾಗು. ಕೊನೆಯ ಸಾಲು: "ಮಾವ, ಮಧ್ಯಾಹ್ನ ನಿಮ್ಮ ಬಿ.ಪಿ. ಮಾತ್ರೆ ಮರೆಯಬೇಡಿ."

ಇನ್ನೊಬ್ಬರ ಹಾಳೆಯನ್ನು ನಂಬಿ ನಡೆಯುವುದು ಗುಮಾಸ್ತನ ಜಾಯಮಾನವಲ್ಲ. ಸಂಜೆಯ ವೇಳಾಪಟ್ಟಿಯನ್ನೆಲ್ಲ ನನ್ನ ಜೇಬಿನ ಡೈರಿಗೆ ದುಂಡಗೆ ನಕಲು ಮಾಡಿಕೊಂಡೆ.

ಬೆಳಗಿನ ಪಾಳಿ ಹೇಗೋ ಮುಗಿಯಿತು. ಕಡಲೆಬೀಜದ ಡಬ್ಬಿ ಪುಟ್ಟಿಯ ಬ್ಯಾಗಿಗೆ ಹೋಗಿದ್ದನ್ನು ಅವಳೇ ಕಂಡು ಬದಲಾಯಿಸಿದಳು. ಒಂದು ಬಿಳಿ ಶೂ ಮಂಚದ ಕೆಳಗೆ ಸಿಕ್ಕಿತು, ಇನ್ನೊಂದು ಬಾಲ್ಕನಿಯಲ್ಲಿ. ವ್ಯಾನಿನವನು ಎರಡು ಸಲ ಹಾರ್ನ್ ಹೊಡೆದ. ಮಕ್ಕಳು ಹೋದ ಮೇಲೆ ಕಾಫಿ ಲೋಟ ಹಿಡಿದು ಕೂತೆ. ಗಂಟೆ ಎಂಟೂ ಆಗಿರಲಿಲ್ಲ. ನನ್ನ ಸೊಸೆ ದಿನವೂ ಇಷ್ಟೆಲ್ಲ ಮುಗಿಸಿ 8.30ಕ್ಕೆ ಲ್ಯಾಪ್‌ಟಾಪ್ ತೆರೆದು ಆಫೀಸಿನ ಕೆಲಸ ಶುರುಮಾಡುತ್ತಾಳೆ. ಮಕ್ಕಳು ಬರುವ ಹೊತ್ತಿಗೆ ಮುಚ್ಚುತ್ತಾಳೆ. ಉಳಿದದ್ದನ್ನು ರಾತ್ರಿ ಒಂಬತ್ತರ ಮೇಲೆ ಮತ್ತೆ ತೆಗೆಯುತ್ತಾಳೆ. ಅವಳ ಕೋಣೆಯಲ್ಲಿ ದೀಪ ಉರಿಯುವುದನ್ನು ಎಷ್ಟೋ ಸಲ ನೋಡಿದ್ದೇನೆ. ಈಗಿನವರಿಗೆ ಬೇಗ ಮಲಗುವ ಅಭ್ಯಾಸವಿಲ್ಲ ಎಂದುಕೊಂಡಿದ್ದೆ.

ಮಕ್ಕಳೇ, ಇಲ್ಲಿ ನಿಮಗೊಂದು ಬ್ಯಾಂಕಿನ ಗುಟ್ಟು ಹೇಳುತ್ತೇನೆ. ನಾನು ಕೆಲಸಕ್ಕೆ ಸೇರಿದ್ದು 1974ರಲ್ಲಿ. ಆಗ ಕಂಪ್ಯೂಟರ್ ಇರಲಿಲ್ಲ, ಎಲ್ಲ ದಪ್ಪ ದಪ್ಪ ಲೆಡ್ಜರುಗಳಲ್ಲಿ ಕೈಬರಹ. ಸಂಜೆ ಜಮಾ ಒಂದು ಕಡೆ, ಖರ್ಚು ಒಂದು ಕಡೆ ಕೂಡಿದರೆ ಎರಡೂ ಸಮ ಬರಬೇಕು. ಅದೇ ಟ್ಯಾಲಿ. ವ್ಯತ್ಯಾಸ ಬಂದರೆ ಮೊದಲು ಅದನ್ನು ಒಂಬತ್ತರಿಂದ ಭಾಗಿಸಿ ನೋಡುತ್ತಿದ್ದೆವು. ಶೇಷವಿಲ್ಲದೆ ಭಾಗವಾದರೆ ಯಾರೋ ಅಂಕಿಗಳನ್ನು ಹಿಂದುಮುಂದು ಬರೆದಿರಬಹುದೆಂಬ ಅನುಮಾನ. 72ರ ಬದಲು 27 ಬರೆದರೆ ವ್ಯತ್ಯಾಸ 45, ಒಂಬತ್ತೈದಲಿ ನಲವತ್ತೈದು. ಯಾವ ಎರಡಂಕಿಯ ಸಂಖ್ಯೆಯನ್ನು ಬೇಕಾದರೂ ತಿರುಗಿಸಿ ನೋಡಿ, ವ್ಯತ್ಯಾಸ ಒಂಬತ್ತರ ಮಗ್ಗಿಯಲ್ಲೇ ಇರುತ್ತದೆ. ಎಷ್ಟು ಹುಡುಕಿದರೂ ಸಿಗದಿದ್ದರೆ ಆ ಮೊತ್ತವನ್ನು 'ಸಸ್ಪೆನ್ಸ್' ಎಂಬ ಖಾತೆಗೆ ಹಾಕಿಡುವುದೂ ಉಂಟು, ಆಮೇಲೆ ಹುಡುಕಲೆಂದು. ಅಂಥ ವ್ಯತ್ಯಾಸಗಳನ್ನು ಹಿಡಿಯುವುದರಲ್ಲಿ ನಾನು ಗಟ್ಟಿಗ ಎಂದು ಬ್ರಾಂಚಿನಲ್ಲಿ ಹೆಸರಿತ್ತು. ಇದನ್ನೆಲ್ಲ ನೆನೆಸಿಕೊಳ್ಳುತ್ತ, ಊಟ ಮುಗಿಸಿ, ಮಾತ್ರೆ ನುಂಗಿ, ಫೋನಿನ ಸದ್ದು ಅಡಗಿಸಿ ಒಂದು ನಿದ್ದೆ ತೆಗೆದೆ.

ಸಂಜೆ ಇಬ್ಬರನ್ನೂ ಆಟೋದಲ್ಲಿ ಕೂರಿಸಿಕೊಂಡು ಹೊರಟೆ. ಪುಟ್ಟಿಯನ್ನು ಸಂಗೀತದ ಟೀಚರ ಮನೆಗೆ ಬಿಟ್ಟೆ, ಚಿನ್ನುವನ್ನು ಜಯನಗರಕ್ಕೆ ಕರೆದುಕೊಂಡು ಹೋದೆ. ಡೈರಿ ತೆಗೆದೆ. ಚಿನ್ನು ಬಿಡುವುದು 5.15, ಪುಟ್ಟಿ ಬಿಡುವುದು 6. ಸರಿ, ಚಿಕ್ಕ ಹುಡುಗರಿಗೆ ಅರ್ಧ ಗಂಟೆ ಕರಾಟೆ ಸಾಕು, ಸಂಗೀತವೋ ನಿಧಾನದ ವಿದ್ಯೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. 5.15 ಆಯಿತು, ಬಿಡಲಿಲ್ಲ. 5.30 ಆಯಿತು, ಬಿಡಲಿಲ್ಲ. ಮಾಸ್ತರರು ಬಹಳ ಆಸ್ಥೆಯಿಂದ ಕಲಿಸುತ್ತಿದ್ದಾರೆ ಎಂದು ಸಂತೋಷಪಟ್ಟೆ. ಪಕ್ಕದ ಬೆಂಚಿನಲ್ಲಿ ನನ್ನಂಥದೇ ಒಬ್ಬ ತಾತ ಸಿಕ್ಕಿದರು. ಪಿಂಚಣಿ, ಮಂಡಿನೋವು, ತರಕಾರಿ ಬೆಲೆ ಎಲ್ಲ ಮಾತಾಡಿದೆವು.

ಆರು ಗಂಟೆಗೆ ಚಿನ್ನು ಓಡಿ ಬಂದ. "ತಾತ, ಅಕ್ಕ ಎಲ್ಲಿ? ದಿನಾ ಅಮ್ಮನ ಜೊತೆ ಇಲ್ಲೇ ಕಾಯ್ತಿರ್ತಾಳಲ್ಲ?"

ಎದೆ ಧಸಕ್ಕೆಂದಿತು. ಜೇಬಿನಿಂದ ಫೋನು ತೆಗೆದರೆ ಹನ್ನೊಂದು ಮಿಸ್ಡ್ ಕಾಲ್. ಎಲ್ಲವೂ ಸೊಸೆಯದು. ನಾನು ನಕಲು ಮಾಡುವಾಗ ಎರಡು ಸಾಲುಗಳ ಹೊತ್ತು ಅದಲುಬದಲಾಗಿತ್ತು. ಸಂಗೀತ ಬಿಡುವುದು 5.15ಕ್ಕೆ, ಕರಾಟೆ 6ಕ್ಕೆ. ವ್ಯತ್ಯಾಸ ನಲವತ್ತೈದು ನಿಮಿಷ.

ಆ ಹೊತ್ತಿನಲ್ಲಿ ಆಟೋ ಸಿಗುವುದು ಸುಲಭವಲ್ಲ. ಸಿಕ್ಕಿದ್ದೂ ಸೌತ್ ಎಂಡ್ ಸರ್ಕಲ್ಲಿನಲ್ಲಿ ಸಿಕ್ಕಿಕೊಂಡಿತು. ಚಿನ್ನು ನನ್ನ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡು ಸುಮ್ಮನೆ ಕೂತಿದ್ದ. ನಾನು ಟೀಚರ ಮನೆ ತಲುಪಿದಾಗ 6.25. ಪುಟ್ಟಿ ಜಗುಲಿಯ ಮೆಟ್ಟಿಲ ಮೇಲೆ ಕೂತಿದ್ದಳು. ಪಕ್ಕದಲ್ಲಿ ಟೀಚರು ಒಂದು ಕುರ್ಚಿ ಹಾಕಿಕೊಂಡಿದ್ದರು. ಆ ಪುಣ್ಯಾತ್ಗಿತ್ತಿ ಮಗುವನ್ನು ಒಂಟಿಯಾಗಿ ಬಿಟ್ಟಿರಲಿಲ್ಲ, ಮೈಸೂರಿಗೂ ಅವರೇ ಫೋನ್ ಮಾಡಿದ್ದರು. ನಾನು ಏನು ಹೇಳಬೇಕೆಂದು ತೋಚದೆ ನಿಂತೆ.

"ತಾತ, ಮೊದಲು ಸ್ವಲ್ಪ ಅಳು ಬಂತು" ಎಂದಳು ಪುಟ್ಟಿ. "ನೀವು ಬಿದ್ದುಗಿದ್ದು ಹೋದ್ರೇನೋ ಅಂದ್ಕೊಂಡೆ. ಆಮೇಲೆ ಇಲ್ಲಿ ಇರುವೆ ಸಾಲು ನೋಡ್ತಾ ಕೂತೆ. ಒಂದು ಸಕ್ಕರೆ ಹರಳನ್ನ ನಾಲ್ಕು ಇರುವೆ ಎಳೀತಿದ್ವು. ಇಷ್ಟು ಹೊತ್ತು ಏನೂ ಕೆಲಸ ಇಲ್ದೆ ಕೂತು ಎಷ್ಟು ದಿನ ಆಗಿತ್ತು ಗೊತ್ತಾ!"

ಒಂಬತ್ತು ವರ್ಷದ ಮಗುವಿನ ಬಾಯಲ್ಲಿ ಈ ಮಾತು! ನಾನು ಕಾಯಿಸಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವಳ ಕೊನೆಯ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು.

ರಸ್ತೆಯಿಂದಲೇ ಸೊಸೆಗೆ ಫೋನ್ ಮಾಡಿದೆ. ಬೈಯುತ್ತಾಳೆಂದು ಕಿವಿ ಗಟ್ಟಿಮಾಡಿಕೊಂಡಿದ್ದೆ. ಅವಳು ಪುಟ್ಟಿಯ ದನಿ ಕೇಳಿ ದೀರ್ಘವಾಗಿ ಉಸಿರು ಬಿಟ್ಟಳು. ಆಮೇಲೆ ಮೆಲ್ಲಗೆ, "ಮಾವ, ನೀವು ಮನಸ್ಸಿಗೆ ಹಚ್ಕೋಬೇಡಿ. ನನ್ನಿಂದಲೂ ಎರಡು ಸಲ ಹೀಗೇ ಆಗಿದೆ. ಒಂದು ಸಲ ಮೀಟಿಂಗ್ ಮುಗೀಲಿಲ್ಲ, ಇನ್ನೊಂದು ಸಲ ಗಾಡಿ ಪಂಕ್ಚರ್ ಆಯ್ತು. ಯಾರಿಗೂ ಹೇಳಿರ್ಲಿಲ್ಲ ಅಷ್ಟೆ" ಎಂದಳು.

ಮನೆಗೆ ಬಂದರೆ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಹೊಸ ಸುದ್ದಿ: ಚಿನ್ನು ನಾಳೆ ಐದು ಬಗೆಯ ಎಲೆ ತರಬೇಕು. ಟಾರ್ಚ್ ಹಿಡಿದು ಮೂವರೂ ಕೈತೋಟಕ್ಕಿಳಿದೆವು. ತುಳಸಿ, ದೊಡ್ಡಪತ್ರೆ, ಕರಿಬೇವು ನಮ್ಮಲ್ಲೇ ಸಿಕ್ಕವು. ಮಾವಿನ ಎಲೆ ಪಕ್ಕದ ಮನೆಯವರು ಕೊಟ್ಟರು. ಐದನೆಯದು ದೇವರ ಮನೆಯ ತಟ್ಟೆಯಲ್ಲಿದ್ದ ವೀಳ್ಯದೆಲೆ. ಮಕ್ಕಳು ಮೊಸರನ್ನ ತಿಂದು ಮಲಗಿದಾಗ ಒಂಬತ್ತೂವರೆ.

ನನಗೆ ನಿದ್ದೆ ಬರಲಿಲ್ಲ. ಬ್ಯಾಂಕಿನ ಹಳೆಯ ದಿನಗಳು ಕಣ್ಣ ಮುಂದೆ ಬಂದವು. ಲೆಕ್ಕ ತಾಳೆಯಾಗದ ದಿನ ತಪ್ಪಿದವನನ್ನು ಒಂಟಿಯಾಗಿ ಬಿಟ್ಟು ನಾವು ಮನೆಗೆ ಹೋಗುತ್ತಿರಲಿಲ್ಲ. ಒಬ್ಬ ಓದುವುದು, ಇನ್ನೊಬ್ಬ ಟಿಕ್ ಹಾಕುವುದು, ಮತ್ತೊಬ್ಬ ಕೂಡುವುದು. ಆಗ ಡಿಸೆಂಬರ್ 31ಕ್ಕೆ ವರ್ಷದ ಲೆಕ್ಕ ಮುಗಿಸುತ್ತಿದ್ದೆವು. ಅಂದು ರಾತ್ರಿ ಬ್ರಾಂಚಿನ ಖರ್ಚಿನಲ್ಲೇ ಊಟ. ನಾನು ಹೆಡ್ ಕ್ಯಾಷಿಯರ್ ಆಗಿದ್ದಾಗ ನಗದು ಕೋಣೆಗೆ ಎರಡು ಬೀಗದ ಕೈ. ಒಂದು ನನ್ನ ಬಳಿ, ಇನ್ನೊಂದು ಅಧಿಕಾರಿಯ ಬಳಿ. ಇಬ್ಬರೂ ಬಂದರೆ ಮಾತ್ರ ಬಾಗಿಲು. ಒಬ್ಬನೇ ಮನುಷ್ಯನ ಮೇಲೆ ಇಡೀ ಭಾರ ಹಾಕಬಾರದು ಎಂಬ ತಿಳಿವಳಿಕೆ ಬ್ಯಾಂಕಿಗಿತ್ತು.

ಮನೆಯಲ್ಲಿ? ಚಾಮರಾಜಪೇಟೆಯ ಬಾಡಿಗೆ ಮನೆಯಲ್ಲಿ ನನ್ನಾಕೆ ಎರಡು ಮಕ್ಕಳನ್ನು ಬೆಳೆಸಿದಳು. ನೀರು ಹಿಡಿಯುವುದು, ರೇಷನ್ನಿಗೆ ನಿಲ್ಲುವುದು, ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತರುವುದು, ಮಗ್ಗಿ ಹೇಳಿಸುವುದು, ಎಲ್ಲ ಬೀಗದ ಕೈಗಳೂ ಅವಳ ಸೆರಗಿನ ತುದಿಯಲ್ಲೇ. ನಾನು ಎಷ್ಟು ತಡವಾಗಿ ಬಂದರೂ ಬಾಗಿಲು ತೆರೆದು ಅವಳು ಕೇಳುತ್ತಿದ್ದ ಮೊದಲ ಮಾತು, "ಟ್ಯಾಲಿ ಆಯ್ತಾ?" ಅವಳಿಗೆ ಲೆಡ್ಜರ್ ಎಂದರೇನೆಂದು ಗೊತ್ತಿರಲಿಲ್ಲ. ನನ್ನ ಕಷ್ಟ ಗೊತ್ತಿತ್ತು. ಅವಳ ದಿನ ಟ್ಯಾಲಿ ಆಯಿತೇ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಕೇಳೋಣವೆಂದರೆ ಈಗ ಅವಳಿಲ್ಲ.

ನನ್ನ ವಯಸ್ಸಿನ ಗೆಳೆಯರೇ, "ನಮ್ಮ ಕಾಲದಲ್ಲಿ ಇಷ್ಟೊಂದು ಕ್ಲಾಸುಗಳಿದ್ದವೇ? ನಾವು ಗೋಲಿ ಆಡಿಕೊಂಡು ಬೆಳೆಯಲಿಲ್ಲವೇ?" ಎನ್ನುವುದು ಬಲು ಸುಲಭ. ನಾನೂ ಅಂದವನೇ. ನಾವು ಗೋಲಿ ಆಡಿದ ಬೀದಿಯಲ್ಲಿ ಈಗ ಕಾರು ನಿಂತಿದೆ ಎಂಬುದನ್ನು ಮರೆತು ಅಂದಿದ್ದೆ. ಮಾತು ಆಡುವುದರ ಬದಲು ಒಂದು ಬೀಗದ ಕೈ ಇಸಿದುಕೊಳ್ಳುವುದು ಮೇಲು.

ಮರುದಿನ ಸೊಸೆ ಬಂದ ಮೇಲೆ ಹಾಳೆಯನ್ನು ಮೇಜಿನ ಮೇಲೆ ಹರಡಿಕೊಂಡು ಎಲ್ಲರೂ ಕೂತೆವು. ಪುಣೆಯಿಂದ ಮಗನೂ ಫೋನಿನಲ್ಲಿ ಸೇರಿದ. ಈಗ ಡಬ್ಬಿ, ನೀರಿನ ಬಾಟಲಿ ಪುಟ್ಟಿಯ ಜವಾಬ್ದಾರಿ. ಎರಡು ಜೊತೆ ಶೂ ಹಿಂದಿನ ರಾತ್ರಿಯೇ ಬಾಗಿಲ ಬಳಿ ಇಡುವುದು ಚಿನ್ನುವಿನದು. ಬೆಳಗಿನ ಪಾಳಿಯಲ್ಲಿ ವಾರಕ್ಕೆ ಮೂರು ದಿನ ಮಗನದು. ಸಂಗೀತದಿಂದ ಪುಟ್ಟಿಯನ್ನು ಕರೆತರುವುದು ನನ್ನದು. ನಾನು ಬರೆದ ಹೊತ್ತನ್ನು ಪುಟ್ಟಿ ನೋಡಿ ಟಿಕ್ ಹಾಕಬೇಕು. ಶನಿವಾರದ ಅಬಾಕಸ್ ಕ್ಲಾಸನ್ನು ಈ ತಿಂಗಳಿಂದ ಬಿಟ್ಟಿದ್ದಾರೆ. ಅದು ಅವರಪ್ಪ-ಅಮ್ಮನ ತೀರ್ಮಾನ, ನಾನು ಬಾಯಿ ಹಾಕಲಿಲ್ಲ. ಇರುವೆಗಳ ಸುದ್ದಿಯನ್ನು ಮಾತ್ರ ಹೇಳಿದ್ದೆ.

ಈಗ ರಾತ್ರಿ ಮಲಗುವ ಮೊದಲು ಸೊಸೆಯ ಕೋಣೆಯ ಬಾಗಿಲಲ್ಲಿ ನಿಂತು ಕೇಳುತ್ತೇನೆ, "ಟ್ಯಾಲಿ ಆಯ್ತೇನಮ್ಮ?"

ನಿನ್ನೆ ಅವಳು ಲ್ಯಾಪ್‌ಟಾಪಿನಿಂದ ತಲೆಯೆತ್ತಿ, "ಹದಿನೈದು ನಿಮಿಷ ಕಮ್ಮಿ ಬಂತು ಮಾವ" ಎಂದಳು.

"ಇರಲಿ, ಸಸ್ಪೆನ್ಸಿಗೆ ಹಾಕಿಬಿಡು. ನಾಳೆ ಎಲ್ಲರೂ ಸೇರಿ ಹುಡುಕೋಣ" ಎಂದೆ.