‘ಓಕೆ’ ಅಂದರೆ ಏನರ್ಥ?

ನಮ್ಮಲ್ಲಿ ಅರ್ಧಕ್ಕರ್ಧ ಜನ ಇನ್ನೂ ವಿಮಾನ ಹತ್ತಿಲ್ಲ. ಆದರೆ ವಿಮಾನ ಅಪಘಾತದ ಸುದ್ದಿ ಬರೆದಿದ್ದೇವೆ. ಏಜೆನ್ಸಿಯ ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ತರುವ ಕೆಲಸ ಡೆಸ್ಕಿನಲ್ಲಿ ಹೊಸಬರ ಪಾಲಿಗೇ ಬರುವುದು. ಹಾಗೆ ಓದುತ್ತಾ ಹೋದಾಗ ನಮ್ಮನ್ನು ಹೆಚ್ಚು ಕಾಡಿದ್ದು ಆಕಾಶದಲ್ಲಿ ನಡೆದ ಅವಘಡಗಳಲ್ಲ, ನೆಲದ ಮೇಲೆ ನಡೆದವು.

ಅತಿ ಹೆಚ್ಚು ಜನ ಸತ್ತ ವಿಮಾನ ಅಪಘಾತವೇ ನೆಲದ ಮೇಲಿನದು. 1977ರ ಮಾರ್ಚ್ 27, ಸ್ಪೇನಿನ ಟೆನೆರಿಫ್ ದ್ವೀಪ. ಪಕ್ಕದ ದ್ವೀಪದ ನಿಲ್ದಾಣದಲ್ಲಿ ಬಾಂಬ್ ಸಿಡಿದಿದ್ದರಿಂದ ಅಲ್ಲಿಗೆ ಹೋಗಬೇಕಿದ್ದ ವಿಮಾನಗಳೆಲ್ಲ ಇಲ್ಲಿನ ಸಣ್ಣ ನಿಲ್ದಾಣಕ್ಕೆ ಬಂದು ತುಂಬಿಕೊಂಡಿದ್ದವು. ಜಾಗವಿಲ್ಲದೆ ಎರಡು ಜಂಬೋ ವಿಮಾನಗಳು ರನ್‌ವೇ ಮೇಲೇ ಹಿಂದೆ ಮುಂದೆ ಸಾಗಬೇಕಾಯಿತು. ದಟ್ಟ ಮಂಜು. ನೆಲದ ರಡಾರ್ ಇಲ್ಲ. ಕಂಟ್ರೋಲರ್‌ಗೆ ವಿಮಾನ ಕಾಣುತ್ತಿಲ್ಲ, ಪೈಲಟ್‌ಗಳಿಗೆ ಎದುರಿನ ವಿಮಾನ ಕಾಣುತ್ತಿಲ್ಲ. ಉಳಿದಿದ್ದು ರೇಡಿಯೋದಲ್ಲಿನ ಮಾತು ಮಾತ್ರ.

ಕೆಎಲ್‌ಎಂ ವಿಮಾನಕ್ಕೆ ಸಿಕ್ಕಿದ್ದು ಹಾರಿದ ಮೇಲೆ ಯಾವ ದಾರಿ ಹಿಡಿಯಬೇಕು ಎಂಬ ಸೂಚನೆ; ಹಾರಲು ಅನುಮತಿಯಲ್ಲ. ಆದರೆ ಆ ಸೂಚನೆಯೊಳಗೂ ‘ಟೇಕಾಫ್’ ಎಂಬ ಪದ ಇತ್ತು. ತಾವು ಟೇಕಾಫ್‌ನಲ್ಲಿದ್ದೇವೆ ಎಂದು ಸಹ ಪೈಲಟ್ ಹೇಳಿದಾಗ ಟವರ್‌ನಿಂದ ‘ಓಕೆ’ ಎಂದು ಉತ್ತರ ಬಂತು. ಅದರ ಬೆನ್ನಿಗೇ ‘ಕಾಯಿರಿ’ ಎಂಬ ಮಾತೂ ಇತ್ತು. ಅದೇ ಕ್ಷಣ ಪ್ಯಾನ್ ಆಮ್ ವಿಮಾನದವರೂ ತಾವಿನ್ನೂ ರನ್‌ವೇ ಮೇಲೇ ಇದ್ದೇವೆ ಎಂದರು. ಎರಡು ಮಾತು ಒಂದೇ ಹೊತ್ತಿಗೆ ಬಂದು ಕೆಎಲ್‌ಎಂ ಕಾಕ್‌ಪಿಟ್‌ನಲ್ಲಿ ಬರೀ ಶಿಳ್ಳೆಯಂಥ ಸದ್ದಾಯಿತು. ಸ್ಪಷ್ಟವಾಗಿ ಕೇಳಿದ್ದು ‘ಓಕೆ’ ಒಂದೇ. ಸತ್ತವರು 583 ಜನ.

ನಮ್ಮೂರ ಬಸ್ಸಿನಲ್ಲಿ ಕಂಡಕ್ಟರ್ ‘ರೈಟ್’ ಅಂದರೆ ಹೊರಡು, ‘ಹೋಲ್ಡಾನ್’ ಅಂದರೆ ನಿಲ್ಲು. ಬೇರೆ ಅರ್ಥವೇ ಇಲ್ಲ. ವಿಮಾನಲೋಕ ಅಂಥ ಶಿಸ್ತಿಗೆ ಬಂದದ್ದು ಟೆನೆರಿಫ್ ಆದ ಮೇಲೆ. ಈಗ ಹಾರಲು ಅನುಮತಿ ಕೊಡುವಾಗ ಅಥವಾ ಅದನ್ನು ರದ್ದು ಮಾಡುವಾಗ ಮಾತ್ರ ‘ಟೇಕಾಫ್’ ಎನ್ನಬೇಕು. ಉಳಿದೆಡೆ ‘ಡಿಪಾರ್ಚರ್’. ಕೇಳಿಸಿಕೊಂಡ ಸೂಚನೆಯನ್ನು ತಿರುಗಿ ಹೇಳಬೇಕು, ‘ಓಕೆ’ ಸಾಲದು.

ಆದರೂ 2024ರ ಜನವರಿ 2ರಂದು ಟೋಕಿಯೋದ ಹನೇಡಾ ನಿಲ್ದಾಣದಲ್ಲಿ ಮತ್ತೆ ಒಂದು ಪದ ಎಡವಿಸಿತು. ಕರಾವಳಿ ಕಾವಲು ಪಡೆಯ ಸಣ್ಣ ವಿಮಾನಕ್ಕೆ ಟವರ್ ‘ನಂಬರ್ ಒನ್’ ಎಂದಿತ್ತು. ಹಾರುವ ಸಾಲಿನಲ್ಲಿ ಮೊದಲನೆಯವರು ಎಂದಷ್ಟೇ ಅದರ ಅರ್ಥ. ರನ್‌ವೇ ಹೊರಗೆ ಕಾಯುವ ಜಾಗದವರೆಗೆ ಬರಲು ಹೇಳಿದ್ದರು. ವಿಮಾನ ಒಳಗೇ ಬಂದು ಸುಮಾರು 40 ಸೆಕೆಂಡ್ ನಿಂತಿತು. ಕಂಟ್ರೋಲರ್ ಮುಂದಿನ ಪರದೆಯಲ್ಲಿ ಬಣ್ಣ ಬದಲಾಗಿ ಎಚ್ಚರಿಕೆ ಬಂದಿತ್ತು, ಯಾರೂ ಗಮನಿಸಲಿಲ್ಲ. ಹಿಂದಿನಿಂದ 379 ಜನರಿದ್ದ ಜಪಾನ್ ಏರ್‌ಲೈನ್ಸ್ ವಿಮಾನ ಬಂದಿಳಿದು ಗುದ್ದಿತು.

ಆ 379 ಜನರೂ ಬದುಕಿದರು. ಮರುದಿನ ಎಲ್ಲೆಲ್ಲೂ ‘ಪವಾಡ’ ಎಂಬ ಹೆಡ್‌ಲೈನ್. ನಮಗೆ ಆ ಪದ ಒಪ್ಪಿಗೆಯಿಲ್ಲ. ಅನೌನ್ಸ್‌ಮೆಂಟ್ ವ್ಯವಸ್ಥೆ ಕೈಕೊಟ್ಟಾಗ ಸಿಬ್ಬಂದಿ ಮೆಗಾಫೋನ್ ಹಿಡಿದು, ಗಂಟಲು ಹರಿಯುವಂತೆ ಕೂಗಿ ಜನರನ್ನು ಇಳಿಸಿದರು. ಎಂಟು ಬಾಗಿಲುಗಳಲ್ಲಿ ಬಳಸಲು ಆದದ್ದು ಮೂರು. ಪವಾಡ ಅಂದುಬಿಟ್ಟರೆ ಅವರ ತರಬೇತಿಯ ಬೆಲೆ ಕಾಣುವುದಿಲ್ಲ, ಸತ್ತವರೂ ಕಾಣುವುದಿಲ್ಲ. ಸಣ್ಣ ವಿಮಾನದಲ್ಲಿದ್ದ ಆರು ಜನರಲ್ಲಿ ಐವರು ಹೋದರು. ಹಿಂದಿನ ದಿನ ನೋಟೋದಲ್ಲಿ ಭೂಕಂಪವಾಗಿತ್ತು. ಅಲ್ಲಿನವರಿಗೆ ಬೇಕಾದ ಪರಿಹಾರ ಸಾಮಗ್ರಿ ಹೊತ್ತು ನೀಗಾಟಾಗೆ ಹೊರಟಿದ್ದವರು ಅವರು.