ಊರಿಲ್ಲದವರು ಕಟ್ಟಿದ ಊರು

ರಾಂಚಿಯಿಂದ ವಾಯವ್ಯ ದಿಕ್ಕಿಗೆ ಸುಮಾರು ೬೦ ಕಿಲೋಮೀಟರು ಸಾಗಿದರೆ ಛೋಟಾನಾಗಪುರದ ಪ್ರಸ್ಥಭೂಮಿಯು ಒಮ್ಮೆ ಏರಿ ಒಮ್ಮೆ ಇಳಿದು ಸಾಲವೃಕ್ಷಗಳ ಕಾಡಿನೊಳಗೆ ಮರೆಯಾಗುತ್ತದೆ. ಬರ್ಕಾಕಾನಾ ಕಡೆಯಿಂದ ಬರುವ ರೈಲು ಕಲ್ಲಿದ್ದಲಿನ ಗಣಿಗಳಿರುವ ಖಲಾರಿಯನ್ನು ದಾಟಿದ ಮೇಲೆ ಸಣ್ಣದೊಂದು ನಿಲ್ದಾಣದಲ್ಲಿ ನಿಲ್ಲುತ್ತದೆ. ಅಲ್ಲಿನ ಹೆಸರಿನ ಹಲಗೆಯನ್ನು ಓದಿದ ಹೊಸ ಪ್ರಯಾಣಿಕನು ಒಂದು ಕ್ಷಣ ತಬ್ಬಿಬ್ಬಾಗುತ್ತಾನೆ. ಸುತ್ತಣ ಹಳ್ಳಿಗಳೆಲ್ಲ ಲಪರಾ, ಕಂಕಾ, ಹೆಸಾಲಂಗ್ ಎಂಬ ಹೆಸರಿನವು. ಅವುಗಳ ನಡುವೆ ಈ ನಿಲ್ದಾಣದ ಹೆಸರು ಮಾತ್ರ ಮೆಕ್‌ಕ್ಲಸ್ಕಿಗಂಜ್. ಹೆಸರಿನ ಮೊದಲರ್ಧ ಕಡಲಾಚೆಯದು. ಗಂಜ್ ಎಂಬ ಉಳಿದರ್ಧ ಉತ್ತರ ಹಿಂದೂಸ್ಥಾನದ ಪೇಟೆಯದು. ಯಾರಿಗಾಗಿ ಈ ಊರು ಹುಟ್ಟಿತೋ ಅವರ ಕಥೆಯೆಲ್ಲ ಆ ಹೆಸರಿನಲ್ಲಿಯೇ ಇದೆ.

ಈ ದೇಶದಲ್ಲಿ ಅಪರಿಚಿತರಿಬ್ಬರು ರೈಲಿನಲ್ಲಿ ಎದುರುಬದುರಾಗಿ ಕುಳಿತರೆ ಐದು ನಿಮಿಷದೊಳಗೆ ಒಂದು ಪ್ರಶ್ನೆ ಹುಟ್ಟಿಯೇ ಹುಟ್ಟುತ್ತದೆ: “ತಮ್ಮ ಊರು ಯಾವುದಾಯಿತು?” ಕೇಳಿದವರಿಗೆ ಬೇಕಾದುದು ಸದ್ಯದ ವಿಳಾಸವಲ್ಲ. ಅಜ್ಜನ ಮನೆ, ಕುಲದೇವರ ಗುಡಿ, ಹೊಲದ ಬದು, ಮದುವೆ ಮುಂಜಿಗಳಿಗೆ ಬಂದು ಸೇರುವ ದಾಯಾದಿಗಳು, ಇವೆಲ್ಲ ಊರು ಎಂಬ ಎರಡಕ್ಷರದಲ್ಲಿ ಅಡಗಿವೆ. ಮೂವತ್ತು ವರ್ಷ ಮುಂಬಯಿಯಲ್ಲಿ ದುಡಿದು ತಲೆ ನರೆತ ಗುಮಾಸ್ತನೂ ಈ ಪ್ರಶ್ನೆಗೆ ಕುಂದಾಪುರವೆಂದೋ ಗದಗವೆಂದೋ ಉತ್ತರ ಕೊಡುತ್ತಾನೆ.

ಆಂಗ್ಲೋ ಇಂಡಿಯನ್ನರಿಗೆ ಮಾತ್ರ ಈ ಪ್ರಶ್ನೆ ಬಹುಕಾಲ ನೋವಿನದಾಗಿತ್ತು. ತಂದೆ ರೈಲ್ವೆಯಲ್ಲಿ ಎಂಜಿನ್ ಚಾಲಕ. ಮಗ ಹುಟ್ಟಿದ್ದು ಒಂದು ಜಂಕ್ಷನ್ನಿನ ಕ್ವಾರ್ಟರ್ಸಿನಲ್ಲಿ, ಓದಿದ್ದು ಇನ್ನೊಂದರಲ್ಲಿ, ನೌಕರಿಗೆ ಸೇರಿದ್ದು ಮತ್ತೊಂದರಲ್ಲಿ. ನಿವೃತ್ತನಾದೊಡನೆ ಆ ಮನೆಯನ್ನೂ ಬಿಡಬೇಕು. ಬಿಟ್ಟು ಎಲ್ಲಿಗೆ ಹೋಗಬೇಕು? ತಂದೆಯ ವಂಶ ಯೂರೋಪಿನದೆಂದು ಕಾಗದ ಹೇಳುತ್ತಿತ್ತು. ಆ ಯೂರೋಪನ್ನು ಮೂರು ತಲೆಮಾರುಗಳಿಂದ ಯಾರೂ ಕಂಡಿರಲಿಲ್ಲ. ತಾಯಿಯ ಕಡೆಯ ಊರು ಈ ನೆಲದಲ್ಲಿಯೇ ಎಲ್ಲೋ ಇತ್ತು. ಅಲ್ಲಿನ ಬಾಗಿಲು ಮುಚ್ಚಿ ಅಷ್ಟೇ ಕಾಲವಾಗಿತ್ತು. ಬಿಳಿಯರ ಕ್ಲಬ್ಬಿನಲ್ಲಿ ಅವರಿಗೆ ಸಮಾನ ಸ್ಥಾನವಿರಲಿಲ್ಲ. ಈ ದೇಶದವರ ಅಂಗಳದಲ್ಲಿಯೂ ಅವರು ಹೊರಗಿನವರೇ.

೧೯೩೦ರ ಸುಮಾರಿಗೆ ಈ ಸಂಕಟ ಇನ್ನಷ್ಟು ಬಲವಾಯಿತು. ಅಧಿಕಾರವು ಇಂದಲ್ಲ ನಾಳೆ ಭಾರತೀಯರ ಕೈಗೆ ಬರುವುದೆಂಬುದು ಸ್ಪಷ್ಟವಾಗುತ್ತಿತ್ತು. ರೈಲ್ವೆ, ಸುಂಕ, ಅಂಚೆ ತಂತಿ ಇಲಾಖೆಗಳಲ್ಲಿ ತಮಗಿದ್ದ ನೌಕರಿಗಳು ಉಳಿಯುವ ಭರವಸೆ ಆ ಸಮಾಜಕ್ಕೆ ಇರಲಿಲ್ಲ. ಆಗ ಕಲ್ಕತ್ತೆಯಲ್ಲಿ ಮನೆ ನಿವೇಶನಗಳ ವ್ಯವಹಾರ ನಡೆಸುತ್ತಿದ್ದ ಅರ್ನೆಸ್ಟ್ ತಿಮೋತಿ ಮೆಕ್‌ಕ್ಲಸ್ಕಿ ಎಂಬಾತನಿಗೆ ಒಂದು ಯೋಚನೆ ಹೊಳೆಯಿತು. ತನ್ನ ಜನರಿಗೆ ಊರಿಲ್ಲವೆ? ಹಾಗಿದ್ದರೆ ಒಂದನ್ನು ಕಟ್ಟಿಕೊಳ್ಳೋಣ! ೧೯೩೨ರಲ್ಲಿ ಆತ ದೇಶದ ಉದ್ದಗಲಕ್ಕೂ ಹರಡಿದ್ದ ಸುಮಾರು ಎರಡು ಲಕ್ಷ ಆಂಗ್ಲೋ ಇಂಡಿಯನ್ನರಿಗೆ ಸುತ್ತೋಲೆಗಳನ್ನು ಕಳುಹಿಸಿದ. ೧೯೩೩ರಲ್ಲಿ ‘ಕಾಲೊನೈಸೇಷನ್ ಸೊಸೈಟಿ ಆಫ್ ಇಂಡಿಯಾ’ದ ಮೂಲಕ ವಸಾಹತು ಆರಂಭವಾಯಿತು. ರಾತೂ ಮಹಾರಾಜರಿಂದ ಸುಮಾರು ೧೦,೦೦೦ ಎಕರೆ ಭೂಮಿ ಗುತ್ತಿಗೆಗೆ ದೊರೆಯಿತು. ಬಂದು ನೆಲೆಸಿದವರು ಆ ನೆಲವನ್ನು ಕರೆದುದು ಇಂಗ್ಲಿಷ್ ಶಬ್ದದಿಂದಲ್ಲ, ‘ಮುಲುಕ್’ ಎಂದು. ಬಿಹಾರದ ಕೂಲಿಯವನು ಕಲ್ಕತ್ತೆಯಲ್ಲಿ ತನ್ನ ಹಳ್ಳಿಯನ್ನು ನೆನೆದು ಆಡುವ ಮಾತು ಅದು.

ಇಂಥ ಪ್ರಯತ್ನ ಅದೇ ಮೊದಲಿನದಲ್ಲ. ಅದಕ್ಕೆ ಅರ್ಧ ಶತಮಾನ ಮೊದಲೇ ಕನ್ನಡ ನಾಡಿನಲ್ಲಿ ಒಂದು ನಡೆದಿತ್ತು. ೧೮೮೨ರಲ್ಲಿ ಮೈಸೂರಿನ ದೊರೆ ಚಾಮರಾಜೇಂದ್ರ ಒಡೆಯರು ಬೆಂಗಳೂರಿನ ಪೂರ್ವಕ್ಕೆ ೩,೯೦೦ ಎಕರೆ ಭೂಮಿಯನ್ನು ಇದೇ ಸಮಾಜದ ಸಂಘಕ್ಕೆ ದಯಪಾಲಿಸಿದ್ದರು. ಸಂಘದ ಮುಂದಾಳು ಡಿ. ಎಸ್. ವೈಟ್ ಅವರ ಹೆಸರಿನಿಂದ ಆ ಊರು ವೈಟ್‌ಫೀಲ್ಡ್ ಆಯಿತು. ಗಾಜಿನ ಗೋಪುರಗಳ ಕಂಪನಿಗಳಿಗೆ ಇಂದು ಅಲ್ಲಿ ಹೋಗಿಬರುವ ಸಾವಿರಾರು ಜನರಲ್ಲಿ, ಆ ಹೆಸರಿನ ಹಿಂದೆ ಊರಿಲ್ಲದವರ ಹಂಬಲವೊಂದಿತ್ತೆಂದು ಬಲ್ಲವರು ಕೆಲವರು ಮಾತ್ರ. ಅಲ್ಲಿ ನಗರ ಬಂದು ಊರನ್ನು ನುಂಗಿತು. ಮೆಕ್‌ಕ್ಲಸ್ಕಿಗಂಜಿನ ಬಳಿಗೆ ಯಾವ ನಗರವೂ ಬರಲಿಲ್ಲ. ಆದುದರಿಂದ ಅದರ ಕಥೆ ಬೇರೆಯಾಯಿತು.

ಮೊದಮೊದಲು ಎಲ್ಲವೂ ಉತ್ಸಾಹದಿಂದಲೇ ನಡೆಯಿತು. ಸುಮಾರು ೩೦೦ ಕುಟುಂಬಗಳು ಬಂದು ನೆಲೆಸಿದವು. ಹಂಚಿನ ಮಾಡು, ಅಗಲವಾದ ಜಗಲಿ, ಬೆಂಕಿಗೂಡು ಇರುವ ಬಂಗಲೆಗಳೆದ್ದವು. ಮಾವು, ಸೀಬೆ, ಹಲಸಿನ ತೋಟಗಳಾದವು. ಚಳಿಗಾಲದಲ್ಲಿ ಕ್ರಿಸ್‌ಮಸ್ಸಿನ ಹಾಡು, ಕ್ಲಬ್ಬಿನಲ್ಲಿ ನೃತ್ಯ. ಬೇಸಗೆ ಕಾಲಿಡುವಾಗ ಕಾಡಿನಿಂದ ತೇಲಿ ಬರುವ ಮಹುವಾ ಹೂವಿನ ಮತ್ತು ಬರಿಸುವ ಪರಿಮಳ. ವರ್ಗಾವಣೆಯ ಭಯವಿಲ್ಲದೆ ಒಂದೇ ಮನೆಯಲ್ಲಿ ಎರಡು ಮಳೆಗಾಲ ಕಳೆದ ಮುದುಕನಿಗೆ ಅದು ಎಂಥ ನೆಮ್ಮದಿಯೋ, ಊರುಳ್ಳವರು ಊಹಿಸುವುದು ಕಷ್ಟ.

ಆದರೆ ಊರೆಂದರೆ ಬರಿಯ ಮನೆಗಳ ಸಾಲೆ? ಇಲ್ಲಿ ನೆಲೆಸಿದವರಲ್ಲಿ ಬಹುಮಂದಿ ಪಿಂಚಣಿದಾರರು. ಕೈ ಸಿಗ್ನಲಿನ ಹಿಡಿಕೆಯನ್ನು ಬಲ್ಲದು, ನೇಗಿಲಿನ ಮೇಳಿಯನ್ನಲ್ಲ. ಕಲ್ಲುಮಣ್ಣಿನ ಆ ಎತ್ತರದ ನೆಲವನ್ನು ಒಲಿಸಿಕೊಳ್ಳುವುದು ಹುಟ್ಟು ಒಕ್ಕಲಿಗರಿಗೂ ಸುಲಭವಲ್ಲ. ಹತ್ತಿರದಲ್ಲಿ ಮಕ್ಕಳಿಗೆ ತಕ್ಕ ಉದ್ಯೋಗವಿರಲಿಲ್ಲ. ಎರಡನೆಯ ಮಹಾಯುದ್ಧ ತರುಣರನ್ನು ಹೊರಕ್ಕೆ ಸೆಳೆಯಿತು. ೧೯೪೭ರಲ್ಲಿ ಬ್ರಿಟಿಷರು ಹೊರಟಾಗ ಹಲವರು ಅವರ ಬೆನ್ನ ಹಿಂದೆಯೇ ಇಂಗ್ಲೆಂಡಿಗೆ, ಆಸ್ಟ್ರೇಲಿಯಕ್ಕೆ ಹಡಗು ಹತ್ತಿದರು. ಭಾರತದ ಸಂವಿಧಾನವು ಈ ಸಮಾಜಕ್ಕೆ ಕೆಲವು ಇಲಾಖೆಗಳ ನೌಕರಿಗಳಲ್ಲಿ ಹತ್ತು ವರ್ಷಗಳ ವಿಶೇಷ ಅವಕಾಶವನ್ನು ಕೊಟ್ಟಿತು. ೧೯೬೦ರಲ್ಲಿ ಅದೂ ಮುಗಿಯಿತು. ಲೋಕಸಭೆಗೆ ಇಬ್ಬರನ್ನು ನಾಮಕರಣ ಮಾಡುವ ಪದ್ಧತಿ ಮಾತ್ರ ೨೦೨೦ರ ಜನವರಿಯವರೆಗೆ ಉಳಿದಿತ್ತು. ಬಂಗಲೆಗಳು ಒಂದೊಂದಾಗಿ ಮಾರಾಟವಾದವು. ಕೆಲವನ್ನು ಕಲ್ಕತ್ತೆಯ ಬಂಗಾಳಿಗಳು ಕೊಂಡರು. ಅವರಲ್ಲೊಬ್ಬರಾದ ಕಾದಂಬರಿಕಾರ ಬುದ್ಧದೇವ ಗುಹ ಈ ಊರನ್ನು ತಮ್ಮ ಕಾದಂಬರಿಯಲ್ಲಿ ಚಿತ್ರಿಸಿ ಬಂಗಾಳಕ್ಕೆಲ್ಲ ಪರಿಚಯಿಸಿದರು. ಕೊಂಕಣಾ ಸೇನ್ ಶರ್ಮಾ ಅವರು ನಿರ್ದೇಶಿಸಿದ ೨೦೧೬ರ ‘ಎ ಡೆತ್ ಇನ್ ದ ಗಂಜ್’ ಚಿತ್ರದ ಕಥೆ ನಡೆಯುವುದೂ ಇಲ್ಲಿಯೇ. ಕೊಳ್ಳುವವರಿಲ್ಲದ ಮನೆಗಳ ಮಾಡು ಕುಸಿಯಿತು, ಗೋಡೆಯ ಬಿರುಕಿನಲ್ಲಿ ಆಲದ ಸಸಿ ಚಿಗುರಿತು. ಮುನ್ನೂರರಲ್ಲಿ ಕೊನೆಗೆ ಉಳಿದುದು ಇಪ್ಪತ್ತರಷ್ಟು ಕುಟುಂಬಗಳು.

ಬಂದ ಪ್ರವಾಸಿಗಳು ಸಾಮಾನ್ಯವಾಗಿ ಇಲ್ಲಿಗೇ ಕಥೆಯನ್ನು ಮುಗಿಸಿ, ಪಾಳುಬಿದ್ದ ಬಂಗಲೆಯ ಮುಂದೆ ಚಿತ್ರ ತೆಗೆಸಿಕೊಂಡು ಹಿಂದಿರುಗುತ್ತಾರೆ. ‘ಭೂತದೂರು’ ಎಂದು ಹೆಸರಿಟ್ಟವರೂ ಉಂಟು. ಭೂತದೂರಿನಲ್ಲಿ ಸಂಜೆ ನಾಲ್ಕು ಗಂಟೆಗೆ ಶಾಲೆ ಬಿಟ್ಟ ಮಕ್ಕಳ ಗದ್ದಲ ಕೇಳಿಸುವುದುಂಟೆ?

೧೯೯೭ರಲ್ಲಿ ಮೆಕ್‌ಕ್ಲಸ್ಕಿಗಂಜಿನಲ್ಲಿ ಡಾನ್ ಬಾಸ್ಕೊ ಅಕಾಡೆಮಿ ಎಂಬ ಶಾಲೆ ಆರಂಭವಾಯಿತು. ದೂರದೂರುಗಳಿಂದ ತಂದೆತಾಯಿಗಳು ಮಕ್ಕಳನ್ನು ತಂದು ಸೇರಿಸಿದರು. ಅವರು ಇರುವುದೆಲ್ಲಿ? ಉಳಿದಿದ್ದ ಆಂಗ್ಲೋ ಇಂಡಿಯನ್ ಮನೆಗಳು ಬಾಗಿಲು ತೆರೆದವು. ಮಕ್ಕಳು ಕಡಲಾಚೆಗೆ ಹೋಗಿ ಬರಿದಾಗಿದ್ದ ಕೋಣೆಗಳಲ್ಲಿ ಸಾಲುಸಾಲಾಗಿ ಮಂಚಗಳು ಬಂದವು. ಮೊದಲಿಗೆ ಅದು ಜೀವನೋಪಾಯದ ಮಾತು, ಸಂದೇಹವಿಲ್ಲ. ತಿಂಗಳಿಗಿಷ್ಟೆಂದು ಹಣ ಕೊಟ್ಟು ಪಡೆದುಕೊಳ್ಳುವ ಊಟವಸತಿ. ಆದರೆ ಹತ್ತು ವರ್ಷದ ಹುಡುಗನಿಗೆ ನಡುರಾತ್ರಿ ಜ್ವರ ಬಂದಾಗ ತಿಂಗಳ ಲೆಕ್ಕ ಎಲ್ಲಿ ಉಳಿಯುತ್ತದೆ?

ಇಂಥ ಮನೆಯೊಂದರ ಸಂಜೆಯನ್ನು ಕಣ್ಣಮುಂದೆ ತಂದುಕೊಳ್ಳಬಹುದು. ಜಗಲಿಯ ಮೇಲೆ ಬೆತ್ತದ ಕುರ್ಚಿಯಲ್ಲಿ ಮನೆಯೊಡತಿ. ಗೌನಿನ ಮೇಲೆ ಹಳೆಯ ಉಣ್ಣೆಯ ಶಾಲು. ಕೈಯಲ್ಲಿ ಹುಡುಗನೊಬ್ಬನ ಗುಂಡಿ ಕಿತ್ತ ಅಂಗಿ. ಒಳಗೆ ಅಡುಗೆಯ ಉರಾಂವ ಹೆಂಗಸು ದೊಡ್ಡ ಪಾತ್ರೆಯಲ್ಲಿ ಬೇಳೆ ಕುದಿಸುತ್ತಿದ್ದಾಳೆ. ಹೊಸದಾಗಿ ಬಂದ ಹುಡುಗ ಗೇಟಿನ ಬಳಿ ಮುಖ ಊದಿಸಿಕೊಂಡು ನಿಂತಿದ್ದಾನೆ. “ಬಾ ಬೇಟಾ, ಚಳಿಯಲ್ಲಿ ನಿಲ್ಲಬೇಡ. ಮೊದಲನೆಯ ತಿಂಗಳು ಎಲ್ಲರೂ ಅಳುತ್ತಾರೆ. ರಜೆಗೆ ಊರಿಗೆ ಹೋದಾಗ ಈ ಮನೆಯನ್ನು ನೆನೆದೂ ಅಳುವೆ, ನೋಡುತ್ತಿರು” ಎಂದು ಆಕೆ ಹಿಂದಿಯಲ್ಲಿ ಕರೆಯುತ್ತಾಳೆ. ಹುಡುಗ ನಂಬುವುದಿಲ್ಲ, ಆದರೂ ಮೆಟ್ಟಿಲನ್ನೇರುತ್ತಾನೆ. ಆಂಟಿಯ ಮಕ್ಕಳ ಚಿತ್ರಗಳು ಗೋಡೆಯ ಮೇಲಿವೆ. ಆಂಟಿಯ ಸುತ್ತ ಕುಳಿತು ಉಣ್ಣುವವರು ಬೇರೆಯವರ ಮಕ್ಕಳು. ಒಂದೇ ರಕ್ತದವರಿಗಾಗಿ ಕಟ್ಟಿದ ಊರನ್ನು ಉಳಿಸಿದವರು ರಕ್ತಸಂಬಂಧವಿಲ್ಲದ ಈ ಹುಡುಗರೇ.

ಇಷ್ಟು ಹೇಳಿ ನಿಲ್ಲಿಸಿದರೆ ಅನ್ಯಾಯವಾದೀತು. ಮೆಕ್‌ಕ್ಲಸ್ಕಿಯ ಸುತ್ತೋಲೆ ಹೊರಡುವುದಕ್ಕೆ ಶತಮಾನಗಳ ಮೊದಲೇ ಈ ಸೀಮೆಗೆ ಒಡೆಯರಿದ್ದರು. ಉರಾಂವರು, ಮುಂಡರು ಕಾಡನ್ನು ಕಡಿದು ಛೋಟಾನಾಗಪುರದ ನೆಲವನ್ನು ಹೊಲ ಮಾಡಿದವರು. ಊರಿಗೆ ಸೇರಿದವರು ಯಾರೆಂಬುದನ್ನು ತಿಳಿಯಲು ಮುಂಡರಿಗೆ ಒಂದು ಸ್ಪಷ್ಟವಾದ ಗುರುತಿದೆ. ಸತ್ತ ಹಿರಿಯರ ಮೂಳೆಗಳ ಮೇಲೆ ದೊಡ್ಡ ಹಾಸುಗಲ್ಲನ್ನು ಇಡುವ ಪದ್ಧತಿ ಅವರದು. ಅದಕ್ಕೆ ಸಾಸನ್‌ದಿರಿ ಎಂದು ಹೆಸರು. ಯಾರ ಹಿರಿಯರು ಆ ಕಲ್ಲಿನ ಕೆಳಗಿದ್ದಾರೆಯೋ ಅವರು ಆ ಊರಿನವರು. ಇಂಥ ಜನರೇ ಹತ್ತೊಂಬತ್ತನೆಯ ಶತಮಾನದಲ್ಲಿ ಜಮೀನು ಕಳೆದುಕೊಂಡು, ಹೊಟ್ಟೆಪಾಡಿಗಾಗಿ ಅಸ್ಸಾಮಿನ ಮತ್ತು ಉತ್ತರ ಬಂಗಾಳದ ಚಹದ ತೋಟಗಳಿಗೆ ಗುಂಪುಗುಂಪಾಗಿ ಹೋದರು. ಊರಿಲ್ಲದವರು ಊರನ್ನರಸಿ ಬಂದ ಸೀಮೆಯಿಂದಲೇ ಊರುಳ್ಳವರು ಊರು ಬಿಟ್ಟು ಹೋಗಿದ್ದರೆಂಬುದು ಕಾಲದ ವಿಪರ್ಯಾಸ.

ಕನ್ನಡಿಗನಾದ ಪ್ರಯಾಣಿಕನಿಗೆ ಇಲ್ಲಿ ಇನ್ನೊಂದು ಆಶ್ಚರ್ಯ ಕಾದಿರುತ್ತದೆ. ಉರಾಂವರ ಮಾತು ಕುಡುಖ್. ಸುತ್ತಲೂ ಹಿಂದಿ, ಸಾದರಿ, ಮುಂಡಾರಿಗಳಿರುವಾಗ, ಈ ಒಂದು ಮಾತು ದ್ರಾವಿಡ ವಂಶಕ್ಕೆ ಸೇರಿದ್ದು. ೨೦೧೧ರ ಜನಗಣತಿಯಂತೆ ಸುಮಾರು ೨೦ ಲಕ್ಷ ಜನ ಅದನ್ನಾಡುತ್ತಾರೆ. ವಾರದ ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸಿನ ಮಾತು ಹೊಸಬನಿಗೆ ಪೂರ್ತಿ ಅರ್ಥವಾಗದು. ಆದರೂ ಕಿವಿಗೊಟ್ಟು ಕೇಳಿದರೆ ನಡುನಡುವೆ ಒಂದೊಂದು ಶಬ್ದ ಕೈಹಿಡಿದು ನಿಲ್ಲಿಸುತ್ತದೆ. ಕಣ್ಣಿಗೆ ಅವರು ಖನ್ ಎನ್ನುತ್ತಾರೆ. ಬಾಯಿಗೆ ಬಯಿ. ಹಲ್ಲಿಗೆ ಪಲ್, ಹಳಗನ್ನಡದ ಪಲ್ ಶಬ್ದವನ್ನು ಕಾಲೇಜಿನಲ್ಲಿ ಬಾಯಿಪಾಠ ಮಾಡಿದವನಿಗೆ ಅದು ಇಲ್ಲಿ ಜೀವಂತವಾಗಿ ಎದುರಾಗುತ್ತದೆ. ಎದುರಿಗಿರುವವನನ್ನು ಕರೆಯುವ ‘ನೀನ್’ ಅಂತೂ ಕನ್ನಡದ್ದೇ. ಸಾವಿರಾರು ವರ್ಷಗಳ ಹಿಂದೆ ಬೇರೆಯಾದ ಒಂದೇ ಮನೆಯ ಕವಲುಗಳಿವು. ನೆಂಟರ ಮನೆಯೆಂದು ತಿಳಿಯದೆ ಬಂದವನು, ಕುಡಿಯುವ ನೀರಿಗಾಗಿ ನಿಂತ ಹೊಸಿಲಲ್ಲಿ ತನ್ನ ಅಜ್ಜಿಯ ಮಾತನ್ನು ಕೇಳಿದಂತೆ.

ಹಾಗಾದರೆ ಊರು ಯಾರದು? ೧೯೩೩ರ ಗುತ್ತಿಗೆಯ ಕಾಗದವನ್ನು ಕೇಳಿದರೆ ಒಂದು ಉತ್ತರ ದೊರೆಯುತ್ತದೆ, ಸಾಸನ್‌ದಿರಿಯ ಕಲ್ಲನ್ನು ಕೇಳಿದರೆ ಇನ್ನೊಂದು. ಹೋದವರೆಲ್ಲ ಊರನ್ನು ಕಾಗದದಲ್ಲಿ ಕಂಡವರೆಂದು ದೂರುವುದೂ ಸರಿಯಲ್ಲ. ಬದುಕಿನ ದಾರಿ ಅವರನ್ನು ಎಳೆದೊಯ್ದಿತು. ಆದರೆ ಉಳಿದವರು ಈ ನೆಲದ ಕಾಯಿದೆಯನ್ನು ತಾವು ಅರಿಯದೆಯೇ ಪಾಲಿಸಿದ್ದಾರೆ. ಮೆಕ್‌ಕ್ಲಸ್ಕಿಗಂಜಿನ ಸಿಮಿತಿಯಲ್ಲಿ ಈಗ ಅವರ ಅಜ್ಜಂದಿರ, ತಂದೆತಾಯಿಗಳ ಗೋರಿಗಳಿವೆ. ಸಾಲದ ಎಲೆ ಉದುರಿ ಇಂಗ್ಲಿಷ್ ಹೆಸರುಗಳನ್ನು ಮುಚ್ಚುತ್ತದೆ. ಮಳೆ ಬಂದು ತೊಳೆಯುತ್ತದೆ. ಮುಂಡರ ಲೆಕ್ಕದಂತೆ ಅವರೂ ಈಗ ಊರಿನವರೇ.

ರಾತ್ರಿಯ ರೈಲಿಗಾಗಿ ನಿಲ್ದಾಣದಲ್ಲಿ ಕಾದಿರುವಾಗ ರಜೆಗೆ ಹೊರಟ ಹುಡುಗರ ಗುಂಪೊಂದು ಬಂದು ಸೇರುವುದುಂಟು. ಪೆಟ್ಟಿಗೆಗಳ ಮೇಲೆ ಕುಳಿತು ಅವರು ಮಾತನಾಡುತ್ತಾರೆ. ಊರಿಗೆ ಹೋಗುವ ಸಂತೋಷ ಇದ್ದೇ ಇದೆ. ಆದರೂ ಬೀಳ್ಕೊಡಲು ಬಂದವರು ಕಾಣದಾಗುವವರೆಗೆ ಕಿಟಕಿಯಿಂದ ಕೈಬೀಸುತ್ತಾರೆ. ಎದುರಿನ ಆಸನದ ಹಿರಿಯರು ಪದ್ಧತಿಯಂತೆ ಕೇಳುತ್ತಾರೆ: “ಯಾವ ಊರಪ್ಪ ನಿಮ್ಮದು?” ಹುಡುಗ ತಕ್ಷಣ ಉತ್ತರ ಕೊಡುವುದಿಲ್ಲ. ಅವನಿಗೆ ಈಗ ಹೇಳಲು ಎರಡು ಹೆಸರುಗಳಿವೆ.