ಒಳಮನೆಯ ಚಪ್ಪಲಿ

ಯಗಟಿಯ ತೆಂಗಿನ ತೋಟದಂಚಿನ ಮನೆಯೊಂದರಲ್ಲಿ ಅಜ್ಜಿಗೆ ಬೆಳಗ್ಗೆ ಹಾಸಿಗೆಯಿಂದೇಳುವುದೇ ಒಂದು ಪ್ರಯಾಣ. ಕಾಲೂರಿದೊಡನೆ ಅಂಗಾಲಿನಡಿ ಬೆಣಚುಕಲ್ಲು ಹಾಸಿದಂಥ ನೋವು. ಬಿಗಿದ ಕೀಲುಗಳು ಸಡಿಲಲು ಗಂಟೆ ಕಳೆಯಬೇಕು. ಮಾಧವನಿದಾನದ ಆಮವಾತಕ್ಕೆ ಹತ್ತಿರದ ಈ ವ್ಯಾಧಿಯನ್ನು ಗ್ಯಾರಡ್ ಎಂಬ ಆಂಗ್ಲ ವೈದ್ಯನು 1859ರಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್ ಎಂದು ಕರೆದ. ಹೆಸರು ಯಾವುದಾದರೇನು, ಕಾಲ್ಬೆರಳುಗಳು ಮಾತ್ರ ಒಂದರ ಮೇಲೊಂದು ಏರಿ ಕುಳಿತಿವೆ!

ಬರಿಗಾಲಿನಲ್ಲಿ ನಡೆಯಬಾರದು, ಮುಂಭಾಗ ಅಗಲವಾದ, ಮೆತ್ತನೆಯ ಎಂ.ಸಿ.ಆರ್. ರಬ್ಬರಿನ ಅಟ್ಟೆಯ, ಹಿಮ್ಮಡಿಗೆ ಪಟ್ಟಿಯಿರುವ ಪಾದರಕ್ಷೆ ಮನೆಯೊಳಗೂ ಬೇಕೆಂದರು ವೈದ್ಯರು. ಅಜ್ಜಿ ಮುಖ ತಿರುಗಿಸಿದರು. ಅಡುಗೆಮನೆಗೆ ಚಪ್ಪಲಿಯೆ? ಮಡಿಯ ಗತಿಯೇನು? ಕಿರುಬೆರಳ ಆಣಿ ಒಡೆದು ಹುಣ್ಣಾಗಿ ತಿಂಗಳು ಕಾಡಿತು. ಕೀಲುರಿಯನ್ನು ತಗ್ಗಿಸುವ ಮಾತ್ರೆಗಳೇ ಸೋಂಕಿಗೂ ದಾರಿ ತೆರೆಯಬಲ್ಲವೆಂದು ಕೇಳಿಯೂ ಹಟ ಸಡಿಲಲಿಲ್ಲ.

ಕೊನೆಗೆ ಉಪಾಯ ಕಂಡವಳು ಸೊಸೆ. ಅಂಗಳದ ಮಣ್ಣು ಕಾಣದ ಹೊಸ ಜೋಡಿಯೊಂದನ್ನು ತೊಳೆದು ಮುಂದಿಟ್ಟು, "ಇದು ಚಪ್ಪಲಿಯಲ್ಲ ಅತ್ತೆ, ಔಷಧಿ" ಎಂದಳು. ಔಷಧಿಗೆ ಮೈಲಿಗೆಯಿಲ್ಲವೆಂಬುದು ಅತ್ತೆಯದೇ ಹಳೆಯ ಮಾತು!

ಈಗ ಪ್ರತಿರಾತ್ರಿ ಸೊಸೆ ಅವರ ಬೆರಳ ಸಂದುಗಳನ್ನು ಒರೆಸಿ, ದೀಪದ ಬೆಳಕಿನಲ್ಲಿ ಕೆಂಪು ಗುರುತು ಹುಡುಕುತ್ತಾಳೆ. ಜೋಡಿ ದೇವರ ಕೋಣೆಯ ಹೊಸ್ತಿಲಾಚೆಯೇ ನಿಲ್ಲುತ್ತದೆ; ಅಲ್ಲಿಂದ ಅಜ್ಜಿ ಸೊಸೆಯ ತೋಳು ಹಿಡಿದು ನಾಲ್ಕು ಹೆಜ್ಜೆ ಬರಿಗಾಲಿನಲ್ಲೇ ಹೋಗುತ್ತಾರೆ.